ಒಂದು ಕಂಪ್ಯೂಟರ್‌ಗೆ ಎರಡು-ಮೂರು ಮಾನಿಟರ್: ಸ್ಪ್ಲಿಟರ್ ಜೋಡಿಸುವ ಕ್ರಮ, ಎಡವುವ ಜಾಗಗಳು

"ಸ್ಪ್ಲಿಟರ್ ತಂದೆ, ಎರಡೂ ಮಾನಿಟರ್ ಹಾಕಿದೆ. ಎರಡರಲ್ಲೂ ಒಂದೇ ಬರ್ತಿದೆ. ಸ್ಪ್ಲಿಟರ್ ಹಾಳಾಗಿದೆಯಾ?" ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಹಾಳಾಗಿಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಸ್ಪ್ಲಿಟರ್ ಅಂದರೆ ಜೆರಾಕ್ಸ್ ಮಷೀನ್ ಇದ್ದ ಹಾಗೆ. ಕಂಪ್ಯೂಟರ್ ಕೊಟ್ಟ ಒಂದು ಹಾಳೆಯನ್ನು ಎರಡೋ ನಾಲ್ಕೋ ಪ್ರತಿ ಮಾಡಿ ಹಂಚುತ್ತದೆ. ಪ್ರತಿ ಮಾನಿಟರ್‌ಗೂ ಬೇರೆ ಬೇರೆ ಹಾಳೆ ಬರೆದುಕೊಡಲು ಅದಕ್ಕೆ ಆಗುವುದಿಲ್ಲ.

ಇನ್ನು ಕೆಲವರಿಗೆ ಚಿತ್ರವೇ ಬರುವುದಿಲ್ಲ. "ನೋ ಸಿಗ್ನಲ್" ಅಂತ ಪರದೆ ನೀಲಿಯಾಗಿ ನಿಲ್ಲುತ್ತದೆ. ಅವರಲ್ಲಿ ಹೆಚ್ಚಿನವರ ಸಾಮಾನು ಸರಿಯಾಗಿಯೇ ಇರುತ್ತದೆ, ಜೋಡಿಸಿದ ಕ್ರಮ ತಪ್ಪಿರುತ್ತದೆ. ಅದಕ್ಕೇ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ದಯವಿಟ್ಟು ಹಂತಗಳನ್ನು ಹಾರಿಸಬೇಡಿ.

## ಹಂತ 1: ಒಂದೇ ಚಿತ್ರ ಬೇಕಾ, ಬೇರೆ ಬೇರೆ ಬೇಕಾ?

ದುಡ್ಡು ಖರ್ಚು ಮಾಡುವ ಮೊದಲು ಇದನ್ನು ತೀರ್ಮಾನಿಸಿ.

ಮಂಟಪದಲ್ಲಿ ನಡೆಯುವ ಧಾರೆ ಊಟದ ಹಾಲ್‌ನ ಟಿವಿಯಲ್ಲೂ ಕಾಣಬೇಕು. ದರ್ಶಿನಿಯಲ್ಲಿ ಬಿಲ್ ಕೌಂಟರ್ ಮೇಲೂ ಕಾಫಿ ಕೌಂಟರ್ ಮೇಲೂ ಅದೇ ಮೆನು ಬರಬೇಕು. ಟ್ಯೂಷನ್ ಕ್ಲಾಸ್‌ನಲ್ಲಿ ಮುಂದಿನ ಬೆಂಚಿನವರಿಗೂ ಹಿಂದಿನ ಬೆಂಚಿನವರಿಗೂ ಒಂದೇ ಪಾಠ ಕಾಣಬೇಕು. ಇಂಥ ಕಡೆಗೆಲ್ಲ ಸ್ಪ್ಲಿಟರ್ ಸರಿಯಾದ ವಸ್ತು.

ಒಂದು ಪರದೆಯಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಎಕ್ಸೆಲ್ ಬೇಕು ಅಂತಿದ್ದರೆ ಸ್ಪ್ಲಿಟರ್ ತರಲೇಬೇಡಿ. ಹಂತ 2 ಓದಿಕೊಂಡು ನೇರವಾಗಿ ಹಂತ 8ಕ್ಕೆ ಹೋಗಿ.

ಇವೆರಡರ ನಡುವೆ ಬಹಳ ಜನಕ್ಕೆ ಹೊಳೆಯದ ಒಂದು ದಾರಿಯಿದೆ. ನಿಮ್ಮದು ಲ್ಯಾಪ್‌ಟಾಪ್ ಆಗಿದ್ದರೆ ಅದರ ಸ್ವಂತ ಪರದೆಯನ್ನು ಕಂಪ್ಯೂಟರ್ ಬೇರೆಯಾಗಿಯೇ ಲೆಕ್ಕ ಹಾಕುತ್ತದೆ. ಸ್ಪ್ಲಿಟರ್‌ನಿಂದಾಚೆ ಎಷ್ಟೇ ಟಿವಿ ಇದ್ದರೂ ಅವೆಲ್ಲ ಸೇರಿ ಅದಕ್ಕೆ ಇನ್ನೊಂದೇ ಪರದೆ. ಹಾಗಾಗಿ ಮೇಷ್ಟ್ರು ಲ್ಯಾಪ್‌ಟಾಪ್‌ನಲ್ಲಿ ತಮ್ಮ ಟಿಪ್ಪಣಿ ನೋಡಿಕೊಳ್ಳಬಹುದು, ಮಕ್ಕಳಿಗೆ ಎರಡೂ ಟಿವಿಯಲ್ಲಿ ಸ್ಲೈಡ್ ಮಾತ್ರ ತೋರಿಸಬಹುದು. ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ನಾನು ನೋಡಿಲ್ಲ.

## ಹಂತ 2: ಕಂಪ್ಯೂಟರ್‌ನ ಹಿಂಬದಿ ನೋಡಿ

ಟಾರ್ಚ್ ಹಿಡಿದು ಪೋರ್ಟ್‌ಗಳನ್ನು, ಅಂದರೆ ಕೇಬಲ್ ಹಾಕುವ ಬಾಯಿಗಳನ್ನು ನೋಡಿ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ತೋರಿಸಲು ಬೇಕಾಗುತ್ತದೆ. ಎರಡು ಮೂಲೆ ಒಳಕ್ಕೆ ಬಾಗಿದ ಚಪ್ಪಟೆ ಬಾಯಿ ಎಚ್‌ಡಿಎಂಐ. ಒಂದೇ ಮೂಲೆ ಕತ್ತರಿಸಿದಂತಿದ್ದರೆ ಡಿಸ್‌ಪ್ಲೇಪೋರ್ಟ್. 15 ತೂತು, ಎರಡು ಬದಿಗೆ ಸ್ಕ್ರೂ ಇದ್ದರೆ ವಿಜಿಎ. ಮೊಬೈಲ್ ಚಾರ್ಜರ್‌ನಂಥ ಪುಟ್ಟ ಅಂಡಾಕಾರದ್ದು ಟೈಪ್-ಸಿ. ಎಲ್ಲ ಟೈಪ್-ಸಿ ಪೋರ್ಟ್‌ಗಳಿಂದಲೂ ಚಿತ್ರ ಬರುವುದಿಲ್ಲ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಗುರುತೋ ಮಿಂಚಿನ ಆಕಾರದ ಥಂಡರ್‌ಬೋಲ್ಟ್ ಗುರುತೋ ಇದ್ದರೆ ಬರುತ್ತದೆ. ಗುರುತು ಇಲ್ಲದಿದ್ದರೆ ನಿಮ್ಮ ಮಾಡೆಲ್‌ನ ವಿವರ ತೆಗೆದು ನೋಡಿ.

ಡೆಸ್ಕ್‌ಟಾಪ್‌ನಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ನಲ್ಲಿ ಎರಡು ಕಡೆ ಎಚ್‌ಡಿಎಂಐ ಬಾಯಿ ಇರಬಹುದು. ಮೇಲೆ ಯುಎಸ್‌ಬಿಗಳ ಜೊತೆಗಿರುವುದು ಮದರ್‌ಬೋರ್ಡ್‌ನದು. ಕೆಳಗೆ ಅಡ್ಡಡ್ಡ ಸಾಲಿನಲ್ಲಿರುವುದು ಗ್ರಾಫಿಕ್ಸ್ ಕಾರ್ಡ್‌ನದು. ಕೇಬಲ್ ಕೆಳಗಿನದಕ್ಕೆ ಹಾಕಿ. ಕಾರ್ಡ್ ಇದ್ದಾಗ ಮೇಲಿನದು ಎಷ್ಟೋ ಸಲ ನಿಷ್ಕ್ರಿಯವಾಗಿರುತ್ತದೆ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ "ಎಫ್" ಇದ್ದರಂತೂ, ಉದಾಹರಣೆಗೆ 12400ಎಫ್, ಮೇಲಿನ ಪೋರ್ಟ್‌ನಿಂದ ಏನೂ ಬರುವುದಿಲ್ಲ. ಆ ಪ್ರೊಸೆಸರ್‌ನೊಳಗೆ ಗ್ರಾಫಿಕ್ಸ್ ಕೊಟ್ಟಿಲ್ಲ.

ಪೋರ್ಟ್ ಬದಲಿಸುವ ಅಡಾಪ್ಟರ್ ಕೊಳ್ಳುವುದಾದರೆ ಅದರ ದಿಕ್ಕು ನೋಡಿ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಅಡಾಪ್ಟರ್ ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ವಿಜಿಎಯಿಂದ ಎಚ್‌ಡಿಎಂಐ, ಎಚ್‌ಡಿಎಂಐಯಿಂದ ವಿಜಿಎ, ಇವೂ ಬೇರೆ ಬೇರೆ ವಸ್ತುಗಳು.

## ಹಂತ 3: ಅಂಗಡಿಯಲ್ಲಿ ಕೇಳಬೇಕಾದ್ದು

ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿ ಆಗಲಿ, ಸುಮ್ನೆ "ಸ್ಪ್ಲಿಟರ್ ಕೊಡಿ" ಅಂದರೆ ಮೂರು ಬಗೆಯ ವಸ್ತುಗಳಲ್ಲಿ ಯಾವುದಾದರೂ ಕೈಗೆ ಬರಬಹುದು.

ಒಂದು, ಸ್ವಿಚ್. ಎರಡು ಕಂಪ್ಯೂಟರ್, ಒಂದು ಟಿವಿ ಇದ್ದಾಗ ಬಳಸುವಂಥದ್ದು. ಕೆಲವು ಸ್ವಿಚ್‌ಗಳನ್ನು ಎರಡೂ ದಿಕ್ಕಿನಲ್ಲಿ ಬಳಸಬಹುದು, ಆದ್ದರಿಂದ ನೋಡಲು ಸ್ಪ್ಲಿಟರ್‌ನಂತೆಯೇ ಇರುತ್ತವೆ. ಮೇಲೆ ಒಂದು ಒತ್ತುವ ಗುಂಡಿ ಇದ್ದರೆ ಅನುಮಾನ ಪಡಿ. ಗುಂಡಿ ಒತ್ತಿದಾಗ ಒಂದು ಪರದೆ ಬಂದು ಇನ್ನೊಂದು ಹೋಗುತ್ತದೆ. ಎರಡೂ ಒಟ್ಟಿಗೆ ಬರುವುದಿಲ್ಲ.

ಎರಡು, ವೈ ಆಕಾರದ ಎಚ್‌ಡಿಎಂಐ ಕೇಬಲ್. ಒಂದು ತುದಿ, ಎರಡು ಬಾಲ. ಅಗ್ಗ ಅಂತ ಎಲ್ಲರೂ ಮೊದಲು ತರುವುದು ಇದನ್ನೇ. ಎಚ್‌ಡಿಎಂಐನಲ್ಲಿ ಪ್ರತಿ ಮಾನಿಟರ್ "ನನ್ನ ಅಳತೆ ಇಷ್ಟು" ಅಂತ ಕಂಪ್ಯೂಟರ್‌ಗೆ ಹೇಳುತ್ತದೆ. ಒಂದೇ ತಂತಿಯಲ್ಲಿ ಎರಡು ಮಾನಿಟರ್ ಒಟ್ಟಿಗೆ ಮಾತಾಡಿದರೆ ಕಂಪ್ಯೂಟರ್‌ಗೆ ಯಾವುದೂ ಅರ್ಥವಾಗುವುದಿಲ್ಲ. ಜೊತೆಗೆ ಸಿಗ್ನಲ್ ಕೂಡ ಹಂಚಿಹೋಗಿ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ದುಡ್ಡು ಹಾಕಬೇಡಿ.

ಹಳೆಯ ವಿಜಿಎಯಲ್ಲಿ ವೈ ಕೇಬಲ್ ಒಂದು ಮಟ್ಟಿಗೆ ನಡೆಯುತ್ತದೆ, ಆದರೆ ಎರಡೂ ಪರದೆ ಮಂಕಾಗುತ್ತವೆ. ಅದಕ್ಕೂ ಕರೆಂಟ್ ಇರುವ ವಿಜಿಎ ಸ್ಪ್ಲಿಟರ್ ಬರುತ್ತದೆ, ಅದನ್ನೇ ತನ್ನಿ.

ಮೂರನೆಯದು ನಿಮಗೆ ಬೇಕಾದ್ದು: ಕರೆಂಟ್ ಕೊಟ್ಟು ನಡೆಸುವ ಸ್ಪ್ಲಿಟರ್. ಡಬ್ಬದ ಮೇಲೆ 1×2 ಅಥವಾ 1×4 ಅಂತಿರುತ್ತದೆ. ಒಂದು "ಇನ್", ಎರಡೋ ನಾಲ್ಕೋ "ಔಟ್", ಪಕ್ಕದಲ್ಲಿ 5 ವೋಲ್ಟ್‌ನ ಪವರ್ ಬಾಯಿ. "ಪವರ್ ಹಾಕದೇನೂ ಓಡುತ್ತೆ" ಅಂತ ಅಂಗಡಿಯವರು ಹೇಳಿದರೂ ಅಡಾಪ್ಟರ್ ಇಲ್ಲದ್ದನ್ನು ತರಬೇಡಿ. ಎಚ್‌ಡಿಎಂಐ ಪೋರ್ಟ್‌ನಿಂದಲೂ 5 ವೋಲ್ಟ್ ಬರುತ್ತದೆ ನಿಜ. ಆದರೆ ನಿಯಮದ ಪ್ರಕಾರ ಖಾತ್ರಿ ಇರುವುದು 55 ಮಿಲಿಆಂಪ್ ಅಷ್ಟೇ. ಅಷ್ಟನ್ನು ನಂಬಿದರೆ ಇವತ್ತು ಚಿತ್ರ ಬರುತ್ತದೆ, ನಾಳೆ ಬರುವುದಿಲ್ಲ.

ನಿಮ್ಮ ಟಿವಿಗಳು 4ಕೆ ಆಗಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: "4ಕೆ 60 ಹರ್ಟ್ಸ್ ಆಗುತ್ತಾ?" ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುತ್ತಾ ಅಂತ. ಡಬ್ಬದ ಮೇಲೆ ಬರೀ "4ಕೆ" ಅಂತಿದ್ದರೆ ಅದು ಎಚ್‌ಡಿಎಂಐ 1.4 ಇರಬಹುದು, ಅದರಲ್ಲಿ 4ಕೆ ಬರುವುದು 30 ಹರ್ಟ್ಸ್‌ನಲ್ಲಿ ಮಾತ್ರ. ಮೌಸ್ ಆಡಿಸಿದರೆ ಬಾಣ ತಡೆತಡೆದು ಓಡುವುದು ಕಣ್ಣಿಗೇ ಕಾಣುತ್ತದೆ. 60 ಹರ್ಟ್ಸ್ ಬೇಕಾದರೆ ಎಚ್‌ಡಿಎಂಐ 2.0, ಅಂದರೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವಂಥದ್ದು ಬೇಕು. ಕೇಬಲ್ ಕೂಡ ಅದಕ್ಕೆ ತಕ್ಕಂತೆ "ಪ್ರೀಮಿಯಂ ಹೈ ಸ್ಪೀಡ್" ಅಂತಿರಲಿ. 1080ರ, ಅಂದರೆ ಫುಲ್ ಎಚ್‌ಡಿ ಮಾನಿಟರ್‌ಗಳಿಗೆ ಈ ತಲೆನೋವಿಲ್ಲ.

ಕೇಬಲ್ ಲೆಕ್ಕ ತಪ್ಪಿಸಬೇಡಿ. ಎರಡು ಮಾನಿಟರ್‌ಗೆ ಮೂರು ಕೇಬಲ್ ಬೇಕು: ಕಂಪ್ಯೂಟರ್‌ನಿಂದ ಸ್ಪ್ಲಿಟರ್‌ಗೆ ಒಂದು, ಸ್ಪ್ಲಿಟರ್‌ನಿಂದ ಮಾನಿಟರ್‌ಗೆ ಒಂದೊಂದು. ಹಗ್ಗ ಹಿಡಿದು ಗೋಡೆಯ ಮೇಲೆ ಕೇಬಲ್ ಹೋಗುವ ದಾರಿಯಲ್ಲೇ ಅಳೆಯಿರಿ, ನೇರ ಗೆರೆಯಲ್ಲಿ ಅಲ್ಲ. 4ಕೆಗೆ ಸಾದಾ ಕೇಬಲ್ 5 ಮೀಟರ್ ದಾಟದಿದ್ದರೆ ಒಳ್ಳೆಯದು. ಮಂಟಪದಂಥ ಕಡೆ 20-30 ಮೀಟರ್ ಬೇಕಾದರೆ ಲ್ಯಾನ್ ಕೇಬಲ್ ಮೇಲೆ ಸಾಗಿಸುವ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ. ಚಿಕ್ಕ ಕೇಬಲ್‌ಗಳನ್ನು ಜಾಯಿಂಟ್ ಹಾಕಿ ಉದ್ದ ಮಾಡುವುದು ಬೇಡ. ಪ್ರತಿ ಜಾಯಿಂಟೂ ಮುಂದೆ ತೊಂದರೆ ಕೊಡುವ ಜಾಗ.

## ಹಂತ 4: ಸ್ಪ್ಲಿಟರ್ ಮುಟ್ಟುವ ಮೊದಲು ಒಂದೊಂದೇ ಪರೀಕ್ಷೆ

ಎಲ್ಲರೂ ಬಿಡುವ ಹಂತ ಇದೇ. ಎಲ್ಲವನ್ನೂ ಒಮ್ಮೆಗೇ ಜೋಡಿಸುತ್ತಾರೆ, ಚಿತ್ರ ಬರುವುದಿಲ್ಲ. ಆಮೇಲೆ ಮೂರು ಕೇಬಲ್, ಎರಡು ಮಾನಿಟರ್, ಒಂದು ಸ್ಪ್ಲಿಟರ್‌ನಲ್ಲಿ ಯಾವುದು ತಪ್ಪು ಅಂತ ಹುಡುಕುತ್ತಾ ಅರ್ಧ ದಿನ ಕಳೆಯುತ್ತದೆ.

ಮೊದಲ ಮಾನಿಟರ್ ಅನ್ನು ಅದರದೇ ಕೇಬಲ್‌ನಲ್ಲಿ ನೇರ ಕಂಪ್ಯೂಟರ್‌ಗೆ ಹಾಕಿ. ಚಿತ್ರ ಬಂತಾ? ಕೇಬಲ್‌ನ ಎರಡೂ ತುದಿಗೆ ಬಿಳಿ ಟೇಪ್ ಸುತ್ತಿ "1" ಅಂತ ಬರೆಯಿರಿ. ಎರಡನೆಯದಕ್ಕೂ ಹೀಗೇ ಮಾಡಿ "2" ಅಂತ ಬರೆಯಿರಿ. ಕಂಪ್ಯೂಟರ್‌ನಿಂದ ಸ್ಪ್ಲಿಟರ್‌ಗೆ ಹೋಗುವ ಕೇಬಲ್ಲನ್ನೂ ಒಮ್ಮೆ ಮಾನಿಟರ್‌ಗೆ ಹಾಕಿ ನೋಡಿ. ಹತ್ತು ನಿಮಿಷದ ಕೆಲಸ.

ಇದೇ ಹೊತ್ತಿನಲ್ಲಿ ಪ್ರತಿ ಮಾನಿಟರ್‌ನ ರೆಸಲ್ಯೂಷನ್, ಅಂದರೆ ಪರದೆಯಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಚುಕ್ಕಿ ಅನ್ನುವ ಅಳತೆ, ಗುರುತು ಹಾಕಿಕೊಳ್ಳಿ. ಒಂದು 1920×1080, ಇನ್ನೊಂದು 1366×768 ಇದೆ ಅನ್ನೋಣ. ಈ ಎರಡು ಅಂಕಿ ಮುಂದೆ ಬೇಕಾಗುತ್ತವೆ.

## ಹಂತ 5: ಜೋಡಿಸುವ ಕ್ರಮ

1. ಕಂಪ್ಯೂಟರ್ ಶಟ್‌ಡೌನ್ ಮಾಡಿ. ಮಾನಿಟರ್, ಟಿವಿ, ಸ್ಪ್ಲಿಟರ್ ಎಲ್ಲದರ ಪ್ಲಗ್ ಕೀಳಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು.

2. ಎಲ್ಲ ಪ್ಲಗ್‌ಗಳೂ ಒಂದೇ ಕಡೆಯ ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್‌ಗೆ ಬರುವಂತೆ ನೋಡಿಕೊಳ್ಳಿ. ಒಳ್ಳೆಯ ಸ್ಪೈಕ್ ಬಸ್ಟರ್ ಆದರೆ ಸರಿ. ಅರ್ಥ್ ಪಿನ್ ಮುರಿದ ಪ್ಲಗ್ ಇದ್ದರೆ ಮೊದಲು ಅದನ್ನು ಬದಲಿಸಿ.

3. ಸ್ಪ್ಲಿಟರ್‌ನ "ಔಟ್ 1"ಕ್ಕೆ ಕೇಬಲ್ 1, "ಔಟ್ 2"ಕ್ಕೆ ಕೇಬಲ್ 2 ಹಾಕಿ, ಇನ್ನೊಂದು ತುದಿಗಳನ್ನು ಮಾನಿಟರ್‌ಗಳಿಗೆ ಹಾಕಿ. ಎಚ್‌ಡಿಎಂಐ ಕೊನೆಯವರೆಗೂ ಒಳಗೆ ಹೋಗಬೇಕು. ಲೋಹದ ಭಾಗ ಹೊರಗೆ ಕಂಡರೆ ಇನ್ನೂ ಕೂತಿಲ್ಲ. ವಿಜಿಎ ಆದರೆ ಎರಡೂ ಸ್ಕ್ರೂ ಕೈಯಲ್ಲೇ ಬಿಗಿ ಮಾಡಿ. ಪಿನ್ ಬಾಗಿದ್ದರೆ ಒತ್ತಬೇಡಿ.

4. ಕಂಪ್ಯೂಟರ್‌ನಿಂದ ಬರುವ ಕೇಬಲ್ಲನ್ನು "ಇನ್" ಅಂತ ಬರೆದ ಬಾಯಿಗೆ ಹಾಕಿ. ಓದಿ ಹಾಕಿ. ಎಲ್ಲ ಬಾಯಿಗಳೂ ಒಂದೇ ಆಕಾರ, ಕತ್ತಲೆಯಲ್ಲಿ ಕೈ ತಪ್ಪುವುದು ಸುಲಭ.

5. ಮಾನಿಟರ್‌ಗಳನ್ನು ಆನ್ ಮಾಡಿ. ಟಿವಿಯಾದರೆ ರಿಮೋಟ್‌ನ ಸೋರ್ಸ್ ಗುಂಡಿ ಒತ್ತಿ, ಕೇಬಲ್ ಹಾಕಿದ ಎಚ್‌ಡಿಎಂಐ ಸಂಖ್ಯೆಯನ್ನೇ ಆರಿಸಿ.

6. ಈಗ ಸ್ಪ್ಲಿಟರ್‌ಗೆ ಪವರ್ ಕೊಡಿ. ಅದರ ಪುಟ್ಟ ದೀಪ ಹೊತ್ತಬೇಕು.

7. ಕೊನೆಗೆ ಕಂಪ್ಯೂಟರ್ ಆನ್ ಮಾಡಿ.

ಈ ಕ್ರಮಕ್ಕೆ ಕಾರಣವಿದೆ. ಪ್ರತಿ ಮಾನಿಟರ್‌ನೊಳಗೆ ತನ್ನ ಪರಿಚಯ ಚೀಟಿಯೊಂದಿರುತ್ತದೆ. ತಾಂತ್ರಿಕರು ಅದನ್ನು ಇಡಿಐಡಿ ಅನ್ನುತ್ತಾರೆ. ತನ್ನ ಅಳತೆ ಎಷ್ಟು, ಎಷ್ಟು ಹರ್ಟ್ಸ್, ಸ್ಪೀಕರ್ ಇದೆಯಾ ಅನ್ನುವುದೆಲ್ಲ ಅದರಲ್ಲಿದೆ. ಸ್ಪ್ಲಿಟರ್ ಆ ಚೀಟಿ ಓದಿ ಕಂಪ್ಯೂಟರ್‌ಗೆ ಒಂದು ಉತ್ತರ ಕೊಡುತ್ತದೆ. ಕಂಪ್ಯೂಟರ್ ಕೇಳುವ ಹೊತ್ತಿಗೆ ಮಾನಿಟರ್ ಎಚ್ಚರವಾಗಿರದಿದ್ದರೆ, ಸ್ಪ್ಲಿಟರ್‌ಗೆ ಪವರ್ ಬಂದಿರದಿದ್ದರೆ, ಕಂಪ್ಯೂಟರ್ ಊಹೆಯ ಮೇಲೆ 1024×768ರಂಥ ಚಿಕ್ಕ ಅಳತೆಗೆ ಇಳಿಯುತ್ತದೆ, ಇಲ್ಲವೇ ಏನೂ ಕಳಿಸದೆ ಸುಮ್ಮನಿರುತ್ತದೆ.

## ಹಂತ 6: ವಿಂಡೋಸ್‌ನಲ್ಲಿ ಹೊಂದಿಸುವುದು

ಕೀಬೋರ್ಡ್‌ನ ವಿಂಡೋಸ್ ಗುಂಡಿ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಕಾಣುವುದೇ ಟಿವಿಗಳಲ್ಲೂ ಬರಬೇಕಾದರೆ "ಡ್ಯೂಪ್ಲಿಕೇಟ್". ಮೇಷ್ಟ್ರ ಟಿಪ್ಪಣಿ ಬೇರೆ, ಸ್ಲೈಡ್ ಬೇರೆ ಬೇಕಾದರೆ "ಎಕ್ಸ್‌ಟೆಂಡ್".

ಆಮೇಲೆ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. "ಐಡೆಂಟಿಫೈ" ಒತ್ತಿದರೆ ಪ್ರತಿ ಪರದೆಯ ಮೇಲೆ ಸಂಖ್ಯೆ ಬರುತ್ತದೆ. ಸ್ಪ್ಲಿಟರ್‌ಗೆ ಸೇರಿದ ಎರಡು ಟಿವಿಗಳಲ್ಲೂ ಒಂದೇ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಹಾಗೇ ಇರಬೇಕು.

ರೆಸಲ್ಯೂಷನ್ ಹೊಂದಿಸುವಾಗ ಎರಡೂ ಪರದೆಗೆ ಹೊಂದುವ ಅಳತೆ ಬೇಕು. ನನ್ನ ಸ್ನೇಹಿತರ ಟ್ಯೂಷನ್ ಸೆಂಟರ್‌ನಲ್ಲಿ ಹೊಸ ಟಿವಿಯೊಂದು, ಹಳೆಯ 1366×768ರ ಟಿವಿಯೊಂದು ಇತ್ತು. ಹೊಸದರಲ್ಲೂ ಕನ್ನಡ ಅಕ್ಷರಗಳ ಒತ್ತು, ದೀರ್ಘ ಎಲ್ಲ ಮಸುಕಾಗಿ, "ಷ್ಟ" ಯಾವುದು "ಷ್ಠ" ಯಾವುದು ಅಂತ ಹಿಂದಿನ ಬೆಂಚಿಗೆ ತಿಳಿಯುತ್ತಿರಲಿಲ್ಲ. ಅವರು ಟಿವಿಯನ್ನೇ ಬೈಯುತ್ತಿದ್ದರು. ನೋಡಿದರೆ ಹಳೆಯ ಟಿವಿ "ಔಟ್ 1"ರಲ್ಲಿತ್ತು, ಆ ಸ್ಪ್ಲಿಟರ್ ಅದರ ಚೀಟಿಯನ್ನೇ ಕಂಪ್ಯೂಟರ್‌ಗೆ ತೋರಿಸುತ್ತಿತ್ತು. ಪವರ್ ತೆಗೆದು, ಕೇಬಲ್ ಎರಡನ್ನೂ ಅದಲುಬದಲು ಮಾಡಿ, ಮತ್ತೆ ಆನ್ ಮಾಡಿದೆವು. 1920×1080 ಬಂತು, ಹಳೆಯ ಟಿವಿ ಕೂಡ ಅದನ್ನು ತಾನೇ ಕುಗ್ಗಿಸಿ ತೋರಿಸಿತು. ಎಲ್ಲ ಹಳೆಯ ಪರದೆಗಳೂ ಹೀಗೆ ಕುಗ್ಗಿಸುವುದಿಲ್ಲ. "ಔಟ್ ಆಫ್ ರೇಂಜ್" ಅಂದರೆ ಚಿಕ್ಕ ಅಳತೆಗೇ ಇಳಿಯಬೇಕು. ಕೆಲವು ಸ್ಪ್ಲಿಟರ್‌ಗಳ ಬದಿಯಲ್ಲಿ ಇಡಿಐಡಿ ಅಂತ ಸಣ್ಣ ಸ್ವಿಚ್ ಇರುತ್ತದೆ. ಅದರಲ್ಲಿ 1080 ಅಂತ ಗಟ್ಟಿಯಾಗಿ ನಿಗದಿ ಮಾಡಬಹುದು.

ಟಿವಿಯಲ್ಲಿ ಟಾಸ್ಕ್‌ಬಾರ್ ಅರ್ಧ ಕತ್ತರಿಸಿದ ಹಾಗೆ ಕಂಡರೆ ತಪ್ಪು ಕಂಪ್ಯೂಟರ್‌ದಲ್ಲ. ಟಿವಿಯ ಪಿಕ್ಚರ್ ಮೆನುವಿನಲ್ಲಿ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಹುಡುಕಿ ಆರಿಸಿ. ಧ್ವನಿ ಟಿವಿಯಿಂದ ಬರದಿದ್ದರೆ ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತು ಒತ್ತಿ ಎಚ್‌ಡಿಎಂಐ ಸಾಧನ ಆರಿಸಿ.

## ಹಂತ 7: ಚಿತ್ರ ಬರದಿದ್ದರೆ, ಬಂದು ಹೋದರೆ

ಎರಡರಲ್ಲೂ ಚಿತ್ರವಿಲ್ಲ ಅಂದರೆ ತೊಂದರೆ ಇರುವುದು ಕಂಪ್ಯೂಟರ್ ಮತ್ತು ಸ್ಪ್ಲಿಟರ್ ನಡುವೆ. ಒಂದರಲ್ಲಿ ಮಾತ್ರ ಇಲ್ಲ ಅಂದರೆ ಆ ಕಡೆಯ ಕೇಬಲ್, ಔಟ್ ಬಾಯಿ, ಇಲ್ಲವೇ ಸೋರ್ಸ್ ಆಯ್ಕೆ. ಔಟ್ ಬಾಯಿಗಳನ್ನು ಅದಲುಬದಲು ಮಾಡಿ. ತೊಂದರೆ ಇನ್ನೊಂದು ಮಾನಿಟರ್‌ಗೆ ಹೋದರೆ ಸ್ಪ್ಲಿಟರ್‌ನ ಬಾಯಿ ಕೆಟ್ಟಿದೆ. ಅಲ್ಲೇ ಉಳಿದರೆ ಕೇಬಲ್ ಅಥವಾ ಮಾನಿಟರ್ ಕಡೆಯದು.

ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುವುದು, ಕಪ್ಪು ಜಾಗದಲ್ಲಿ ಬಿಳಿ ಚುಕ್ಕಿಗಳು ಮಿನುಗುವುದು, ಇವು ಸಿಗ್ನಲ್ ಸಾಲುತ್ತಿಲ್ಲ ಅನ್ನುವ ಗುರುತು. ಚಿಕ್ಕ ಕೇಬಲ್ ಹಾಕಿ ನೋಡಿ, ಇಲ್ಲವೇ 60ರಿಂದ 30 ಹರ್ಟ್ಸ್‌ಗೆ ಇಳಿಸಿ. ಚುಕ್ಕಿ ನಿಂತರೆ ಕೇಬಲ್ ಬದಲಿಸಬೇಕು ಅಂತಲೇ ಅರ್ಥ.

ಡೆಸ್ಕ್‌ಟಾಪ್ ಸರಿಯಾಗಿ ಕಾಣುತ್ತದೆ, ಸಿನಿಮಾ ಹಾಕಿದರೆ ಮಾತ್ರ ಪರದೆ ಕಪ್ಪು. ಇದು ನಕಲು ತಡೆಯುವ ಎಚ್‌ಡಿಸಿಪಿ ವ್ಯವಸ್ಥೆಯ ಕೆಲಸ. ಸಾಲಿನಲ್ಲಿರುವ ಸ್ಪ್ಲಿಟರ್, ಟಿವಿ ಎಲ್ಲವೂ ಅದನ್ನು ಒಪ್ಪಬೇಕು. ಒಂದು ಹಳೆಯ ಮಾನಿಟರ್ ಒಪ್ಪದಿದ್ದರೂ ಚಿತ್ರ ನಿಲ್ಲಬಹುದು. ಆ ಮಾನಿಟರ್ ಅನ್ನು ಕಿತ್ತು ನೋಡಿ ಖಚಿತಪಡಿಸಿಕೊಳ್ಳಿ. 4ಕೆ ಸಿನಿಮಾಗಳಿಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು.

ಎಲ್ಲ ಸರಿಯಿದ್ದೂ ಚಿತ್ರ ಮರಳದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಸಾಫ್ಟ್‌ವೇರ್, ಮತ್ತೆ ಶುರುವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಹಂತ 5ನ್ನು ಮೊದಲಿನಿಂದ ಮಾಡಿ.

ಕೆಲವು ಲಕ್ಷಣ ಕಂಡರೆ ಮಾತ್ರ ಪ್ರಯೋಗ ಮುಂದುವರಿಸಬೇಡಿ. ಎಚ್‌ಡಿಎಂಐ ತುದಿ ಮುಟ್ಟಿದಾಗ ಬೆರಳು ಜುಮ್ಮೆನ್ನುವುದು, ಕೇಬಲ್ ಹಾಕುವಾಗ ಸಣ್ಣ ಕಿಡಿ, ಸುಟ್ಟ ವಾಸನೆ, ಕೈಯಿಡಲಾಗದಷ್ಟು ಬಿಸಿಯಾದ ಅಡಾಪ್ಟರ್. ಸ್ಪ್ಲಿಟರ್ ಉಗುರುಬೆಚ್ಚಗಿರುವುದು ಸಹಜ, ಸುಡುವುದು ಸಹಜವಲ್ಲ. ಜುಮ್ಮೆನ್ನುವುದು ಅರ್ಥಿಂಗ್ ಸರಿಯಿಲ್ಲದ್ದರ ಗುರುತಾಗಿರಬಹುದು. ಹಾಗೇ ಕೇಬಲ್ ಹಾಕಿದರೆ ಪೋರ್ಟ್ ಸುಡುವ ಅಪಾಯವಿದೆ, ನಿಮಗೂ ಅಪಾಯ. ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

## ಹಂತ 8: ಬೇರೆ ಬೇರೆ ಚಿತ್ರವೇ ಬೇಕಾದವರಿಗೆ

ಮೊದಲ ದಾರಿ ಪುಕ್ಕಟೆ. ಕಂಪ್ಯೂಟರ್‌ನಲ್ಲಿ ಎಚ್‌ಡಿಎಂಐ ಜೊತೆ ವಿಜಿಎ ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ ಒಂದೊಂದಕ್ಕೆ ಒಂದೊಂದು ಮಾನಿಟರ್ ಹಾಕಿ. ಸ್ಪ್ಲಿಟರ್ ಬೇಕೇ ಇಲ್ಲ.

ಒಂದೇ ಡಿಸ್‌ಪ್ಲೇಪೋರ್ಟ್ ಇದ್ದರೆ, ಅಥವಾ ಚಿತ್ರ ಕೊಡುವ ಟೈಪ್-ಸಿ ಇದ್ದರೆ, "ಎಂಎಸ್‌ಟಿ ಹಬ್" ಕೇಳಿ. ಡಿಸ್‌ಪ್ಲೇಪೋರ್ಟ್ 1.2 ಆವೃತ್ತಿಯಿಂದ ಒಂದೇ ಪೋರ್ಟ್‌ನಲ್ಲಿ ಹಲವು ಬೇರೆ ಬೇರೆ ಚಿತ್ರ ಕಳಿಸಲು ಬರುತ್ತದೆ. 1080ರ ಎರಡು ಮಾನಿಟರ್ ಆರಾಮವಾಗಿ ನಡೆಯುತ್ತವೆ. ಕಂಪ್ಯೂಟರ್ ಒಟ್ಟು ಎಷ್ಟು ಪರದೆ ನಡೆಸಬಲ್ಲದು ಅನ್ನುವ ಮಿತಿ ಬೇರೆ ಇದೆ. ಅನೇಕ ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಅದರ ಸ್ವಂತ ಪರದೆಯೂ ಸೇರಿ 3.

ಮ್ಯಾಕ್‌ಬುಕ್ ಇರುವವರು ಎಂಎಸ್‌ಟಿ ಹಬ್ ತರಬೇಡಿ. ವಿಂಡೋಸ್‌ನಲ್ಲಿ ಬೇರೆ ಬೇರೆ ಚಿತ್ರ ಕೊಡುವ ಅದೇ ಹಬ್, ಮ್ಯಾಕ್‌ನಲ್ಲಿ ಎರಡಕ್ಕೂ ಒಂದೇ ಚಿತ್ರ ಕೊಡುತ್ತದೆ. ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರ್‌ಗೆ ಮಾಡಿದ್ದು. ಎಂ3 ಏರ್‌ನಲ್ಲಿ ಮುಚ್ಚಳ ಮುಚ್ಚಿದರೆ ಎರಡು ನಡೆಯುತ್ತವೆ. ಇಂಥವರಿಗೆ, ಮತ್ತು ಬರೀ ಯುಎಸ್‌ಬಿ ಉಳಿದಿರುವ ವಿಂಡೋಸ್‌ನವರಿಗೆ, ಯುಎಸ್‌ಬಿ ಮೂಲಕ ಚಿತ್ರ ಕಳಿಸುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್ ಒಂದು ದಾರಿ. ಅದಕ್ಕೆ ಡ್ರೈವರ್ ಹಾಕಬೇಕು. ಮ್ಯಾಕ್‌ನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೇಳುತ್ತದೆ, ಕೊಡದಿದ್ದರೆ ಚಿತ್ರ ಬರುವುದಿಲ್ಲ. ಲೆಕ್ಕಪತ್ರ, ಬರವಣಿಗೆಗೆ ಇದು ಸಾಕು. ಗೇಮ್ ಆಡಲು ನಾನು ಇದನ್ನು ಹೇಳುವುದಿಲ್ಲ.

ಜೋಡಿಸಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ "ಎಕ್ಸ್‌ಟೆಂಡ್" ಆರಿಸಿ, "ಐಡೆಂಟಿಫೈ" ಒತ್ತಿ. ಈ ಸಲ ಪ್ರತಿ ಮಾನಿಟರ್‌ನಲ್ಲೂ ಬೇರೆ ಸಂಖ್ಯೆ ಬರಬೇಕು. ಮೇಜಿನ ಮೇಲೆ ಎಡಕ್ಕಿರುವುದು ಚಿತ್ರದಲ್ಲೂ ಎಡಕ್ಕೆ ಬರುವಂತೆ ಆ ಚೌಕಗಳನ್ನು ಎಳೆದು ಕೂರಿಸಿ, ಮೇಲಿನ ಅಂಚು ಸಮ ಮಾಡಿ, "ಅಪ್ಲೈ" ಒತ್ತಿ. ಮೌಸ್ ಅನ್ನು ನಿಧಾನವಾಗಿ ಬಲಕ್ಕೆ ತಳ್ಳಿ. ಬಾಣ ಅಂಚಿನಲ್ಲಿ ತಡೆಯದೆ, ಅದೇ ಎತ್ತರದಲ್ಲಿ ಪಕ್ಕದ ಪರದೆಗೆ ದಾಟಬೇಕು. ಅಂಚಿನಲ್ಲಿ ಸಿಕ್ಕಿಕೊಂಡರೆ ಚೌಕಗಳನ್ನು ಇನ್ನೂ ಸ್ವಲ್ಪ ಸರಿಸಿ.